ಗಣಕಯಂತ್ರದ ಪ್ರೋಗ್ರಾಂ: ದುಡಿಮೆಯ ಅಂದಾಜೂ ನಕಲಿನ ತಪ್ಪೂ

ಕಳೆದ ವರ್ಷ ಓಣಂ ರಜೆ ಮುಗಿದು ಶಾಲೆ ಪುನಃ ತೆರೆದ ವಾರದಲ್ಲಿ, ನಮ್ಮ ಗ್ರಂಥಾಲಯದ ಹೊಣೆ ಹೊತ್ತಿರುವ ಅಧ್ಯಾಪಿಕೆಯವರು ಕಂಪ್ಯೂಟರ್ ಕೋಣೆಗೆ ಬಂದು ಒಂದು ಮಾತು ಕೇಳಿದರು: “ಯಾವ ಪುಸ್ತಕವನ್ನು ಯಾರು ಕೊಂಡುಹೋದರು, ಯಾವಾಗ ತಂದುಕೊಟ್ಟರು ಎಂಬ ಲೆಕ್ಕವನ್ನು ಈ ಯಂತ್ರವೇ ಇಟ್ಟುಕೊಳ್ಳುವ ಹಾಗೆ ಮಾಡಲಿಕ್ಕೆ ನಿಮ್ಮಿಂದ ಆದೀತೇ? ಎಷ್ಟು ದಿನ ಬೇಕು?” ಆಗ ಒಂಬತ್ತನೆಯ ತರಗತಿಯಲ್ಲಿದ್ದ ನಾವು ನಾಲ್ವರು ಅಲ್ಲಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಒಂದು ವಾರ ಸಾಕು ಟೀಚರ್” ಎಂದುಬಿಟ್ಟೆವು. ಆ ಕೆಲಸ ಮುಗಿದದ್ದು ಕ್ರಿಸ್ಮಸ್ ಪರೀಕ್ಷೆ ಕಳೆದ ಮೇಲೆ.

ಒಂದು ವಾರವು ಮೂರೂವರೆ ತಿಂಗಳಾದುದು ಹೇಗೆ, ಆಮೇಲೆ ಈ ವರ್ಷ ಅದೇ ಪ್ರೋಗ್ರಾಂನ ದೆಸೆಯಿಂದ ನಕಲಿನ ವಿಷಯದಲ್ಲಿ ನಾವೇ ಸಿಕ್ಕಿಬಿದ್ದುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ದುಡಿಮೆಯನ್ನು ಅಂದಾಜು ಮಾಡುವುದೂ ನಕಲು ಮಾಡುವುದೂ ಸಂಬಂಧವಿಲ್ಲದ ಎರಡು ವಿಷಯಗಳೆಂದು ಮೊದಲು ನಾವು ತಿಳಿದಿದ್ದೆವು. ಈಗ ಹಾಗೆ ತೋರುವುದಿಲ್ಲ.

ಪ್ರೋಗ್ರಾಂ ಎಂದರೇನೆಂಬುದು ನಮ್ಮ ಶಾಲೆಯ ಹೆಚ್ಚಿನವರಿಗೆ ಗೊತ್ತೇ ಇದೆ. ಯಂತ್ರವು ಏನನ್ನು, ಯಾವ ಕ್ರಮದಲ್ಲಿ ಮಾಡಬೇಕೆಂದು ಬರೆದಿಡುವ ಸೂಚನೆಗಳ ಸಾಲುಗಳೇ ಪ್ರೋಗ್ರಾಂ. ಕನ್ನಡದಲ್ಲಿ ಕ್ರಮವಿಧಿ ಎಂದೂ ಹೇಳುವುದುಂಟು. ಆ ಸಾಲುಗಳಿಗೆ ಕೋಡ್ ಎಂದು ಹೆಸರು. ನಾವು ಬಳಸಿದ್ದು ತರಗತಿಯಲ್ಲಿ ಕಲಿತ ಪೈಥಾನ್ ಭಾಷೆಯನ್ನು.

ಮೊದಲ ಎರಡು ದಿನ ಕೆಲಸವು ಬಹಳ ಸಲೀಸಾಗಿ ನಡೆಯಿತು. ಪುಸ್ತಕದ ಹೆಸರು, ಓದುವವರ ಹೆಸರು, ದಿನಾಂಕ ಈ ಮೂರನ್ನು ಬರೆಸಿಕೊಂಡು ಪುನಃ ತೋರಿಸುವ ಪ್ರೋಗ್ರಾಂ ಸಿದ್ಧವಾಯಿತು. ಟೀಚರಿಗೆ ತೋರಿಸಿದೆವು. ಅವರು ಶಾಂತವಾಗಿ ಒಂದೊಂದೇ ಪ್ರಶ್ನೆ ಕೇಳಿದರು. ಒಂದೇ ಪುಸ್ತಕದ ನಾಲ್ಕು ಪ್ರತಿಗಳಿದ್ದರೆ ಯಾವ ಪ್ರತಿ ಹೋಯಿತೆಂದು ತಿಳಿಯುವುದು ಹೇಗೆ? ಎಂಟನೆಯ ತರಗತಿಯಲ್ಲಿ ಒಂದೇ ಹೆಸರಿನ ಮೂವರು ಹುಡುಗಿಯರಿದ್ದಾರಲ್ಲ? ವರ್ಗಾವಣೆ ಪತ್ರ ತೆಗೆದುಕೊಂಡು ಹೋದವನ ಹೆಸರಿನಲ್ಲಿ ಪುಸ್ತಕ ಬಾಕಿಯಿದ್ದರೆ ಏನು ಮಾಡುವುದು? ಬರೆಯುತ್ತಿರುವಾಗ ಕರೆಂಟು ಹೋದರೆ? ನಮ್ಮ ಊರಿನ ಮಳೆಗಾಲವನ್ನು ಬಲ್ಲವರಿಗೆ ಈ ಕೊನೆಯ ಪ್ರಶ್ನೆ ತಮಾಷೆಯದಲ್ಲ. ಅದಕ್ಕೇ ಆರು ಗಂಟೆ ಹೋಯಿತು.

ಅಕ್ಷರಮಾಲೆಯದು ಮತ್ತೊಂದು ಕತೆ. ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಯಂತ್ರಕ್ಕೆ ಹೇಳಿದೆವು. ಅದು ‘ಬಳೆ’ಯನ್ನು ಮೊದಲಿಟ್ಟು ‘ಬಸದಿ’ಯನ್ನು ಅನಂತರ ಇಟ್ಟಿತು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಆಚೆಗೆ, ಕಟ್ಟಕಡೆಗೆ ಬರುವುದಷ್ಟೆ. ಆದರೆ ಯಂತ್ರಕ್ಕೆ ಅಕ್ಷರವೆಂದರೆ ಒಂದು ಅಂಕೆ ಮಾತ್ರ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಅದರಲ್ಲಿ ಳಕಾರದ ಸಂಖ್ಯೆಯು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಬರುತ್ತದೆ. ಇಷ್ಟನ್ನು ಕಂಡುಹಿಡಿಯಲು ಒಂದು ಶನಿವಾರ, ಸರಿಪಡಿಸಲು ಇನ್ನೊಂದು ಶನಿವಾರ ಬೇಕಾಯಿತು. ಕೊನೆಗೆ ಬರೆದ ಕೋಡ್ ನಾಲ್ಕೇ ಸಾಲು. ಈಗ ಗ್ರಂಥಾಲಯಕ್ಕೆ ಬಂದು ಪಟ್ಟಿಯನ್ನು ನೋಡುವವರಿಗೆ ಎಲ್ಲವೂ ಇರಬೇಕಾದಲ್ಲಿಯೇ ಇದೆಯೆಂದು ಕಾಣುವುದೇ ಹೊರತು ಅದರ ಹಿಂದೆ ಎರಡು ಶನಿವಾರಗಳಿವೆಯೆಂದು ಕಾಣುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದುದು ಹಳೆಯ ಪಟ್ಟಿ. ಹಿಂದೆ ಯಾರೋ ಶ್ರಮಪಟ್ಟು ಎರಡು ಸಾವಿರಕ್ಕೂ ಹೆಚ್ಚು ಪುಸ್ತಕಗಳ ಹೆಸರುಗಳನ್ನು ಟೈಪ್ ಮಾಡಿ ಇಟ್ಟಿದ್ದರು. ಆದರೆ ಅದು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟಿನಲ್ಲಿತ್ತು. ನಮ್ಮ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದಂತೆ ಕಾಣುತ್ತಿತ್ತು. ಹಳೆಯ ಫಾಂಟುಗಳು ಅಕ್ಷರವನ್ನು ತುಂಡು ತುಂಡು ಚಿತ್ರಗಳಾಗಿ ಇಡುತ್ತಿದ್ದವು. ತಲೆಕಟ್ಟು ಒಂದು ತುಂಡು, ಒತ್ತು ಇನ್ನೊಂದು ತುಂಡು. ಅರ್ಕಾವತ್ತು ಬಂದರಂತೂ ಕ್ರಮವೇ ತಿರುಗಿಹೋಗುತ್ತದೆ. ಕಣ್ಣಿಗೆ ಅದು ಅಕ್ಷರದ ಅನಂತರ ಬರುವುದು, ಉಚ್ಚಾರಕ್ಕೆ ಮೊದಲು ಬರುವುದು. ಇದನ್ನೆಲ್ಲ ಹೊಸ ರೂಪಕ್ಕೆ ಪರಿವರ್ತಿಸಬೇಕಿತ್ತು. ಆ ಭಾಗವು ಹೇಗೆ ಮುಗಿಯಿತೆಂಬುದನ್ನು ಸದ್ಯಕ್ಕೆ ಬಿಡುತ್ತೇವೆ.

ಮೊದಲ ವಾರ ಕಳೆದು ಕೆಲಸ ಮುಗಿಯದೆ ಹೋದಾಗ ಕಂಪ್ಯೂಟರ್ ಕಲಿಸುವ ನಮ್ಮ ಮಾಸ್ಟ್ರು ಒಂದು ನೋಟುಪುಸ್ತಕ ಕೊಟ್ಟು, “ದಿನವೂ ಯಾರು ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಬೈಯ್ಯಲಿಕ್ಕಲ್ಲ, ಮುಂದಿನ ಸಲ ಅಂದಾಜು ಹೇಳುವಾಗ ಬೇಕು” ಎಂದರು. ಕೆಲಸ ಮುಗಿದಾಗ ಕೂಡಿಸಿ ನೋಡಿದರೆ ನಾಲ್ವರದೂ ಸೇರಿ 118 ಗಂಟೆ. ಅದರಲ್ಲಿ ಕೋಡ್ ಬರೆಯಲು ಹಿಡಿದದ್ದು 21 ಗಂಟೆ ಮಾತ್ರ. ಉಳಿದುದೆಲ್ಲ ಯೋಚಿಸುವುದಕ್ಕೆ, ಕೇಳಿ ತಿಳಿಯುವುದಕ್ಕೆ, ತಪ್ಪು ಹುಡುಕುವುದಕ್ಕೆ ಹೋಗಿತ್ತು.

ನಮ್ಮ ದಡ್ಡತನದಿಂದ ಹೀಗಾಯಿತೆಂದು ನಾವು ತಿಳಿದಿದ್ದೆವು. ಆದರೆ ಮಹಾ ಮಹಾ ಸಂಸ್ಥೆಗಳಿಗೂ ಹೀಗೆಯೇ ಆಗಿದೆಯೆಂದು ಆಮೇಲೆ ಓದಿದೆವು. ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು 1964ರಲ್ಲಿ ಸಿಸ್ಟಂ 360 ಎಂಬ ಕಂಪ್ಯೂಟರುಗಳನ್ನು ಪ್ರಕಟಿಸಿತು. ಅವುಗಳನ್ನು ನಡೆಸುವ ಮೂಲ ಪ್ರೋಗ್ರಾಂನ ಕೆಲಸವನ್ನು ನೋಡಿಕೊಂಡವರು ಫ್ರೆಡರಿಕ್ ಬ್ರೂಕ್ಸ್. ಅದು ಹೇಳಿದ ಕಾಲಕ್ಕೆ ಮುಗಿಯಲಿಲ್ಲ. ಆ ಅನುಭವದಿಂದ ಅವರು 1975ರಲ್ಲಿ ಒಂದು ಪುಸ್ತಕ ಬರೆದರು. ಕೆಲಸವನ್ನು ‘ಆಳುತಿಂಗಳು’ಗಳಲ್ಲಿ ಅಳೆಯುವ ವಾಡಿಕೆಯನ್ನು ಅವರು ಅದರಲ್ಲಿ ಪರೀಕ್ಷಿಸುತ್ತಾರೆ. ಒಬ್ಬನು ಒಂದು ತಿಂಗಳು ಮಾಡುವ ಕೆಲಸ ಒಂದು ಆಳುತಿಂಗಳು. ಹಾಗಾದರೆ ಹನ್ನೆರಡು ಆಳುತಿಂಗಳ ಕೆಲಸವನ್ನು ಹನ್ನೆರಡು ಜನ ಸೇರಿ ಒಂದೇ ತಿಂಗಳಲ್ಲಿ ಮುಗಿಸಬಹುದಲ್ಲವೆ? ಆಗದು ಎನ್ನುತ್ತಾರೆ ಬ್ರೂಕ್ಸ್. ಅಷ್ಟೇ ಅಲ್ಲ, ತಡವಾಗಿರುವ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಯೆಂದು ಅವರ ಅಭಿಪ್ರಾಯ.

ಇದು ನಮ್ಮ ಕಾಸರಗೋಡಿನವರಿಗೆ ಅರ್ಥವಾಗದ ಮಾತೇನಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯ ರಾಶಿಯಿದ್ದರೆ ಸುಲಿಯಲು ಇಬ್ಬರ ಬದಲು ಎಂಟು ಜನ ಕುಳಿತುಕೊಳ್ಳಬಹುದು. ಕೆಲಸ ಬೇಗ ಮುಗಿಯುತ್ತದೆ. ಆದರೆ ಗುಡ್ಡದ ಬದಿಯಲ್ಲಿ ಸುರಂಗ ತೋಡುವಾಗ? ಮುರಕಲ್ಲಿನ ಒಳಗೆ ಒಬ್ಬನು ನುಗ್ಗುವಷ್ಟೇ ಅಗಲ. ಮುಂದೆ ನಿಂತು ಪಿಕ್ಕಾಸು ಹಾಕುವವನು ಒಬ್ಬನೇ. ಹಿಂದಿನಿಂದ ಮಣ್ಣು ಹೊರುವವರು ಒಬ್ಬರೋ ಇಬ್ಬರೋ. ಹತ್ತು ಜನರನ್ನು ಕರೆಸಿದರೆ ಎಂಟು ಜನ ಬಾಯಿಯ ಹತ್ತಿರ ಕುಳಿತು ಎಲೆಯಡಿಕೆ ಹಾಕಿಕೊಂಡಿರಬೇಕಷ್ಟೆ. ಇನ್ನೂ ಒಂದು ಹೋಲಿಕೆಯಿದೆ. ಸುರಂಗದ ಕೂಲಿಯನ್ನು ಕೋಲಿನ ಲೆಕ್ಕದಲ್ಲಿ ಮಾತಾಡಿಕೊಳ್ಳಬಹುದು; ಆದರೆ ನೀರು ಎಷ್ಟನೆಯ ಕೋಲಿಗೆ ಸಿಕ್ಕೀತೆಂದು ಅನುಭವಸ್ಥನೂ ಖಂಡಿತವಾಗಿ ಹೇಳಲಾರ. ನಮ್ಮಲ್ಲೊಬ್ಬನ ಅಜ್ಜ ಸುರಂಗ ತೋಡಿಸಿದವರು. ನಮ್ಮ ಒಂದು ವಾರದ ಕತೆ ಕೇಳಿ ಅವರು, “ನೀರು ಕಾಣುವ ಮೊದಲು ದಿನ ಹೇಳಬಾರದು ಮಕ್ಕಳೇ” ಎಂದು ನಕ್ಕರು.

ಜನ ಹೆಚ್ಚಿದಂತೆ ಮಾತೂ ಹೆಚ್ಚುವುದು. ನಾಲ್ವರಿದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿಗಳು 6. ಏಳು ಮಂದಿಯಾದರೆ 21, ಹತ್ತು ಮಂದಿಯಾದರೆ 45. ಇದು ನಮ್ಮ ಗಣಿತದ ಪಾಠದ ಲೆಕ್ಕವೇ: ಜನಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸುವುದು. ನವೆಂಬರದಲ್ಲಿ ಕೆಲಸ ಬೇಗ ಮುಗಿಯಲೆಂದು ನಾವು ಎಂಟನೆಯ ತರಗತಿಯ ಮೂವರನ್ನು ಸೇರಿಸಿಕೊಂಡೆವು. ಒಂದು ವಾರ ಅವರಿಗೆ ವಿವರಿಸುವುದರಲ್ಲಿಯೇ ಕಳೆಯಿತು. ಅವರಲ್ಲೊಬ್ಬ ಉತ್ಸಾಹದಿಂದ ತಿದ್ದಿದ್ದನ್ನು ಪುನಃ ಮೊದಲಿನಂತೆ ಮಾಡಲು ಮತ್ತೆ ಎರಡು ದಿನ. ತಪ್ಪು ಅವನದಲ್ಲ, ಕರೆದ ನಮ್ಮದು.

ಇಡೀ ಕಾಲದಲ್ಲಿ ಮೂರನೆಯ ಒಂದು ಪಾಲನ್ನು ಯೋಜನೆಗೆ, ಆರನೆಯ ಒಂದು ಪಾಲನ್ನು ಕೋಡ್ ಬರೆಯಲು, ಉಳಿದ ಅರ್ಧವನ್ನು ಪರೀಕ್ಷಿಸಲು ಇಡಬೇಕೆಂದು ಬ್ರೂಕ್ಸ್ ಹೇಳುತ್ತಾರೆ. ನಮ್ಮ 118ರಲ್ಲಿ 21 ಎಂದರೆ ಹೆಚ್ಚು ಕಡಿಮೆ ಆರನೆಯ ಒಂದು ಪಾಲು. ಐವತ್ತು ವರ್ಷಗಳ ಹಿಂದೆ ದೂರದ ದೇಶದಲ್ಲಿ ಬರೆದುದು ನಮ್ಮ ಶಾಲೆಯ ನೋಟುಪುಸ್ತಕದಲ್ಲಿ ಹೀಗೆ ಹೊರಟುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಅಂದಾಜಿಗೆ ಸೂತ್ರವನ್ನೇ ಕಟ್ಟಿದವರೂ ಇದ್ದಾರೆ. ಬ್ಯಾರಿ ಬೋಯಮ್ ಎಂಬ ವಿದ್ವಾಂಸರು 63 ಪ್ರೋಗ್ರಾಂ ಯೋಜನೆಗಳ ನಿಜವಾದ ಲೆಕ್ಕಗಳನ್ನು ಪರಿಶೀಲಿಸಿ 1981ರಲ್ಲಿ ಕೊಕೊಮೊ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಅದರ ಅತಿ ಸರಳ ರೂಪ ಹೀಗಿದೆ. ಪ್ರೋಗ್ರಾಂನಲ್ಲಿ ಎಷ್ಟು ಸಾವಿರ ಸಾಲುಗಳಿರಬಹುದೆಂದು ಊಹಿಸಬೇಕು. ಆ ಸಂಖ್ಯೆಗೆ 1.05ರ ಘಾತ ಕೊಟ್ಟು 2.4ರಿಂದ ಗುಣಿಸಿದರೆ ಆಳುತಿಂಗಳು ಸಿಗುತ್ತದೆ. ಪರಿಚಿತ ಕೆಲಸವನ್ನು ಚಿಕ್ಕ ತಂಡವು ಮಾಡುವಾಗ ಈ ಸಂಖ್ಯೆಗಳು. ಬಿಗಿಯಾದ ನಿರ್ಬಂಧಗಳಿರುವ ಜಟಿಲ ಕೆಲಸವಾದರೆ 1.20 ಮತ್ತು 3.6. ಹತ್ತು ಸಾವಿರ ಸಾಲಿನ ಸರಳ ಕೆಲಸಕ್ಕೆ ಸುಮಾರು 27 ಆಳುತಿಂಗಳು ಬರುವುದು. ಇಪ್ಪತ್ತು ಸಾವಿರ ಸಾಲಿಗೆ ಅದರ ಎರಡರಷ್ಟು, ಅಂದರೆ 54 ಬರಬೇಕಲ್ಲ? ಬರುವುದು ಸುಮಾರು 56. ಘಾತವು ಒಂದಕ್ಕಿಂತ ದೊಡ್ಡದಾಗಿರುವುದರ ಫಲವಿದು. ಪ್ರೋಗ್ರಾಂ ಬೆಳೆದಂತೆ ಪ್ರತಿ ಸಾಲೂ ತುಟ್ಟಿಯಾಗುತ್ತದೆ. ಎಷ್ಟು ಕಾಲದಲ್ಲಿ ಮುಗಿದೀತೆಂಬುದಕ್ಕೂ ಬೇರೊಂದು ಸೂತ್ರವಿದೆ. ಆ 27 ಆಳುತಿಂಗಳ ಕೆಲಸಕ್ಕೆ ಅದು ಕೊಡುವ ಉತ್ತರ ಸುಮಾರು ಎಂಟೂಮುಕ್ಕಾಲು ತಿಂಗಳು. ಎಂದರೆ ಮೂವರು ಎಂಟೊಂಬತ್ತು ತಿಂಗಳು ಮಾಡಬೇಕೇ ಹೊರತು 27 ಜನ ಒಂದು ತಿಂಗಳಲ್ಲಿ ಮಾಡುವಂತಿಲ್ಲ. ಸೂತ್ರವೆಂದೊಡನೆ ಕಣ್ಣುಮುಚ್ಚಿ ನಂಬಬಾರದು. ಈ ಸರಳ ರೂಪದ ಉತ್ತರವು ನಿಜದ ಎರಡರಷ್ಟರಿಂದ ಅರ್ಧದವರೆಗಿನ ಅಂತರದೊಳಗೆ ಬೀಳುವುದು ನೂರರಲ್ಲಿ ಅರುವತ್ತು ಸಲ ಮಾತ್ರವೆಂದು ಬೋಯಮ್ ಅವರೇ ಒಪ್ಪಿಕೊಂಡಿದ್ದಾರೆ.

ನಾವು ನಮ್ಮ ಪ್ರೋಗ್ರಾಂಗೂ ಲೆಕ್ಕ ಹಾಕಿದೆವು. ಒಟ್ಟು 560 ಸಾಲುಗಳು. ಬೋಯಮ್ ಅವರ ಆಳುತಿಂಗಳಿಗೆ 152 ಗಂಟೆ. ಸೂತ್ರವು 198 ಗಂಟೆಯೆಂದಿತು. ನಮ್ಮ ನೋಟುಪುಸ್ತಕ 118 ಎಂದಿತು. ಪಂಡಿತರ ಲೆಕ್ಕಕ್ಕಿಂತ 80 ಗಂಟೆ ಮೊದಲೇ ಮುಗಿಸಿದೆವೆಂದು ನಮಗೆ ಸ್ವಲ್ಪ ಹೆಮ್ಮೆಯೇ ಆಯಿತು. ಇಷ್ಟು ಚಿಕ್ಕ ಪ್ರೋಗ್ರಾಂಗಳಿಗೆ ಆ ಸೂತ್ರ ಹೊಂದುವುದಿಲ್ಲವೆಂದು ಮಾಸ್ಟ್ರು ಹೇಳಿದರು. ಹೆಮ್ಮೆ ಮಾತ್ರ ಉಳಿಯಿತು.

ಈಗ ನಕಲಿನ ವಿಚಾರಕ್ಕೆ ಬರೋಣ. ಮರದ ಕುರ್ಚಿಯೊಂದನ್ನು ಕದ್ದರೆ ಕುರ್ಚಿಯಿದ್ದ ಜಾಗ ಬರಿದಾಗುತ್ತದೆ. ಪ್ರೋಗ್ರಾಂ ನಕಲು ಮಾಡಿದರೆ ಮೂಲವು ಇದ್ದಲ್ಲಿಯೇ ಇರುತ್ತದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಆದುದರಿಂದಲೇ “ಯಾರಿಗೇನು ನಷ್ಟ?” ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಮೇಲೆ ಹೇಳಿದ ಲೆಕ್ಕವನ್ನು ನೆನಪಿಡಬೇಕು. ಕಣ್ಣಿಗೆ ಕಾಣುವ ಕೋಡ್ ಆರನೆಯ ಒಂದು ಪಾಲಿನ ದುಡಿಮೆ. ಅದನ್ನು ಎತ್ತಿಕೊಳ್ಳುವವನಿಗೆ ಉಳಿದ ಐದು ಪಾಲು, ಎಂದರೆ ಯೋಚನೆ, ಪರೀಕ್ಷೆ, ತಿದ್ದಿದ ತಪ್ಪುಗಳು, ಕಳೆದ ಶನಿವಾರಗಳು ಎಲ್ಲ ಕೂಡಿಯೇ ಸಿಗುತ್ತವೆ.

ಈ ಪ್ರಶ್ನೆಯು ನ್ಯಾಯಾಲಯದ ಮುಂದೆ ಬಂದ ಒಂದು ಪ್ರಸಿದ್ಧ ಮೊಕದ್ದಮೆಯಿದೆ. ಅಮೆರಿಕೆಯ ಆಪಲ್ ಸಂಸ್ಥೆಯು ಆಪಲ್ 2 ಎಂಬ ಕಂಪ್ಯೂಟರನ್ನು ಮಾರುತ್ತಿತ್ತು. ಫ್ರಾಂಕ್ಲಿನ್ ಎಂಬ ಇನ್ನೊಂದು ಸಂಸ್ಥೆಯು ಅದಕ್ಕಾಗಿ ಬರೆದ ಪ್ರೋಗ್ರಾಂಗಳೆಲ್ಲ ನಡೆಯುವಂಥ ತನ್ನದೇ ಯಂತ್ರವನ್ನು ಏಸ್ ಎಂಬ ಹೆಸರಿನಲ್ಲಿ ಹೊರತಂದಿತು. ಒಳಗಿನ ಮೂಲ ಪ್ರೋಗ್ರಾಂಗಳು ಆಪಲ್‌ನವೇ ಆಗಿದ್ದುವು. 1982ರಲ್ಲಿ ಆಪಲ್ 14 ಪ್ರೋಗ್ರಾಂಗಳ ವಿಷಯದಲ್ಲಿ ದಾವೆ ಹೂಡಿತು. ನಕಲು ಮಾಡಿದ್ದನ್ನು ಫ್ರಾಂಕ್ಲಿನ್ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವಂತೆಯೂ ಇರಲಿಲ್ಲ. ಆಪಲ್‌ನ ಜೇಮ್ಸ್ ಹಸ್ಟನ್ ಎಂಬ ಪ್ರೋಗ್ರಾಂಕಾರರು ತಾವು ಬರೆದ ಒಂದು ಪ್ರೋಗ್ರಾಂನೊಳಗೆ ತಮ್ಮ ಹೆಸರನ್ನು ಸೇರಿಸಿಟ್ಟಿದ್ದರು. ಆ ಹೆಸರು ಫ್ರಾಂಕ್ಲಿನ್‌ನ ಡಿಸ್ಕಿನಲ್ಲಿಯೂ ಹಾಗೆಯೇ ಕುಳಿತಿತ್ತು! ಆಪಲ್‌ನ ಕೃತಿಸ್ವಾಮ್ಯದ ಸೂಚನೆಯನ್ನು ಅಳಿಸಿದ್ದರು. ಒಳಗಿದ್ದ ಈ ಹೆಸರು ಉಳಿದುಹೋಗಿತ್ತು.

ಅಂಥ ಪ್ರೋಗ್ರಾಂಗಳನ್ನು ತಾವೇ ಬರೆಯುವುದು ಸಾಧ್ಯವಿರಲಿಲ್ಲವೆಂದು ಫ್ರಾಂಕ್ಲಿನ್ ವಾದಿಸಿತು. ಅವುಗಳಲ್ಲೊಂದನ್ನು ಸ್ವತಃ ಬರೆಯಲಾದೀತೇ ಎಂದು ಅದರ ಇಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರು 1981ರ ನವೆಂಬರದಲ್ಲಿ ಮೂವತ್ತು ನಲವತ್ತು ಗಂಟೆ ಪರಿಶೀಲಿಸಿ, ಆಗದೆಂದು ತೀರ್ಮಾನಿಸಿದ್ದರಂತೆ. ಆಪಲ್ ಒಪ್ಪಿಸಿದ ಅಂದಾಜಿನಂತೆ ಆ 14 ಪ್ರೋಗ್ರಾಂಗಳಿಗೆ ಹಿಡಿದ ದುಡಿಮೆ 46 ಆಳುತಿಂಗಳು, ಆದ ವೆಚ್ಚ 7,40,000 ಡಾಲರಿಗೂ ಹೆಚ್ಚು. ಬೋಯಮ್ ಅವರ ತಿಂಗಳಿನ ಲೆಕ್ಕದಲ್ಲಿ 46 ಆಳುತಿಂಗಳೆಂದರೆ ಸುಮಾರು ಏಳು ಸಾವಿರ ಗಂಟೆ. ಒಂದು ಕಡೆ ಏಳು ಸಾವಿರ ಗಂಟೆ, ಇನ್ನೊಂದು ಕಡೆ ನಲವತ್ತು ಗಂಟೆ ಮತ್ತು ಒಂದು ಡಿಸ್ಕು. ಮೊದಲ ನ್ಯಾಯಾಲಯವು ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಯಂತ್ರಕ್ಕೆ ಮಾತ್ರ ಅರ್ಥವಾಗುವ, ಚಿಪ್ಪಿನೊಳಗೆ ಅಚ್ಚಾದ ಪ್ರೋಗ್ರಾಂಗೆ ಪುಸ್ತಕಕ್ಕಿರುವಂತೆ ಕೃತಿಸ್ವಾಮ್ಯವುಂಟೇ ಎಂಬುದು ಅದರ ಸಂದೇಹ. ಮೇಲಿನ ನ್ಯಾಯಾಲಯವು 1983ರ ಆಗಸ್ಟ್ 30ರಂದು ಆ ತೀರ್ಪನ್ನು ರದ್ದುಗೊಳಿಸಿ, ಉಂಟು ಎಂದು ಹೇಳಿತು.

ಹಾಗೆಂದು ಇನ್ನೊಬ್ಬರಿಂದ ಏನನ್ನೂ ಕಲಿಯಬಾರದೆಂದು ಅರ್ಥವಲ್ಲ. ಕೃತಿಸ್ವಾಮ್ಯವಿರುವುದು ಬರವಣಿಗೆಗೆ, ವಿಚಾರಕ್ಕಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಒಂದು ನಾಟಕ ಮತ್ತು ಒಂದು ಹಿಂದಿ ಚಲನಚಿತ್ರದ ಮೊಕದ್ದಮೆಯಲ್ಲಿ 1978ರಲ್ಲಿ ಇದನ್ನೇ ಹೇಳಿದೆ. ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಮಾಯಣದ ಕತೆ ಎಲ್ಲರದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ಪ್ರಸಂಗಗಳ ಪದ್ಯಗಳು ಆ ಹೆಸರಿನವು. ಅದೇ ಕತೆಗೆ ಇನ್ನೊಬ್ಬರು ಬೇರೆ ಪದ್ಯ ಕಟ್ಟಿದರೆ ಅದು ಕಳವಲ್ಲ. ಕಂಪ್ಯಾಕ್ ಎಂಬ ಸಂಸ್ಥೆಯು 1982ರಲ್ಲಿ ಈ ದಾರಿಯನ್ನೇ ಹಿಡಿಯಿತು. ಐ.ಬಿ.ಎಂ. ಯಂತ್ರದ ಮೂಲ ಪ್ರೋಗ್ರಾಂ ಏನೇನು ಮಾಡುತ್ತದೆಯೆಂದು ಒಂದು ತಂಡವು ಪರಿಶೀಲಿಸಿ ವಿವರಣೆ ಬರೆಯಿತು. ಆ ಕೋಡನ್ನು ಎಂದೂ ನೋಡದ ಇನ್ನೊಂದು ತಂಡವು ವಿವರಣೆಯನ್ನಷ್ಟೇ ಓದಿ ಹೊಸದಾಗಿ ಕೋಡ್ ಬರೆಯಿತು. ಐ.ಬಿ.ಎಂ. ತನ್ನ ಕೋಡನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಪುಟ ತೆರೆದರೆ ಸಿಗುವಂತಿದ್ದುದನ್ನು ನೋಡದೆ ಬರೆದರೆಂಬುದೇ ನಮಗೆ ಮೆಚ್ಚಿಕೆಯಾದ ಸಂಗತಿ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯು 1957ರದು. 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯಕೃತಿಯೆಂದು ಅದರಲ್ಲಿ ಸೇರಿತು. ನಕಲೆಂದು ತಿಳಿದೂ ಅಂಥ ಪ್ರೋಗ್ರಾಂನ್ನು ಯಂತ್ರದಲ್ಲಿ ಬಳಸಿದವನಿಗೆ 1994ರ ತಿದ್ದುಪಡಿಯು ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟುಬಿಡಬಹುದು. ನ್ಯಾಯವಾಗಿ ಪಡೆದ ಪ್ರೋಗ್ರಾಂನ್ನು ಕಾಪಿಡಲು ಪ್ರತಿ ಮಾಡಿಕೊಳ್ಳುವುದಕ್ಕೂ ಅದು ಕೆಲಸ ಮಾಡುವ ರೀತಿಯನ್ನು ಪರೀಕ್ಷಿಸಿ ಕಲಿಯುವುದಕ್ಕೂ ಕಾಯಿದೆ ಅಡ್ಡ ಬರುವುದಿಲ್ಲ.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು: ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿರುವುದನ್ನು ನಾವೆಲ್ಲ ಪೆನ್‌ಡ್ರೈವಿನಲ್ಲಿ ಮನೆಗೆ ಕೊಂಡುಹೋಗುತ್ತೇವಲ್ಲ? ಅದು ತಪ್ಪಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಅದು ನಮಗೆ ಕೊಟ್ಟಿರುವುದು ಸ್ವತಂತ್ರ ತಂತ್ರಾಂಶ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸೂ ಅದರ ಬುನಾದಿ. ಇಂಥ ಹಲವು ಪ್ರೋಗ್ರಾಂಗಳ ಜೊತೆಗೆ ಜಿ.ಪಿ.ಎಲ್. ಎಂಬ ಅನುಮತಿಪತ್ರವಿರುತ್ತದೆ. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಹಂಚಬಹುದು, ತಿದ್ದಬಹುದು. ಆದರೆ ಬರೆದವರ ಹೆಸರನ್ನು ಅಳಿಸಬಾರದು. ಅದನ್ನು ಸೇರಿಸಿ ಮಾಡಿದ ಪ್ರೋಗ್ರಾಂನ್ನು ಇತರರಿಗೆ ಕೊಡುವಾಗ ಅದರ ಕೋಡನ್ನೂ ಇದೇ ಅನುಮತಿಯನ್ನೂ ಕೊಡಬೇಕು. ಹಾಗಾದರೆ ನಕಲು ಮಾಡಿದ್ದರಲ್ಲಿ ತಪ್ಪಿಲ್ಲದೆಯೂ ತಪ್ಪು ಇರಬಹುದು ಎಂದಾಯಿತು. ಇದು ನಮಗೆ ಪುಸ್ತಕದಿಂದ ತಿಳಿದುದಲ್ಲ.

ಈ ವರ್ಷ ನೆರೆಯ ಊರಿನಲ್ಲಿ ಒಂದು ವಿಜ್ಞಾನ ಪ್ರದರ್ಶನ ನಡೆಯಿತು. ನಾವು ನಾಲ್ವರೂ ನೋಡಲು ಹೋಗಿದ್ದೆವು. ಅಲ್ಲಿ ಒಂದು ಶಾಲೆಯವರು ಗ್ರಂಥಾಲಯದ ಪ್ರೋಗ್ರಾಂ ಇಟ್ಟಿದ್ದರು. ಬಣ್ಣ ಬೇರೆ, ಮೇಲಿನ ಹೆಸರುಗಳು ಬೇರೆ. ಆದರೆ ಪುಸ್ತಕ ವಾಪಸು ಬಂದ ಕಾಲಂನ ಮೇಲೆ ‘ಹಿಂತಿರಿಗಿಸಿದ ದಿನಾಂಕ’ ಎಂದಿತ್ತು. ‘ಹಿಂತಿರುಗಿಸಿದ’ ಎಂದು ಬರೆಯಲು ಹೋಗಿ ನಾವು ಮಾಡಿದ ತಪ್ಪು ಅದು. ನಮ್ಮ ಟೀಚರ್ ನಗುತ್ತಲೇ ತೋರಿಸಿಕೊಟ್ಟು ಆಮೇಲೆ ತಿದ್ದಿಸಿದ್ದರು. ತಿದ್ದುವ ಮೊದಲು ನಮ್ಮಲ್ಲೊಬ್ಬಳು ತನ್ನ ಚಿಕ್ಕಮ್ಮನ ಮಗನಿಗೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಕೊಟ್ಟಿದ್ದಳು. ಅಲ್ಲಿಂದ ಅದು ಪ್ರಯಾಣ ಹೊರಟಿತ್ತು. ಜೇಮ್ಸ್ ಹಸ್ಟನ್ನರ ಹೆಸರಿನಂತೆ ನಮ್ಮ ಕಾಗುಣಿತದ ತಪ್ಪು ನಮ್ಮ ಸಾಕ್ಷಿಯಾಗಿ ನಿಂತಿತು.

ಕೋಪದಿಂದ ಶಾಲೆಗೆ ಬಂದು ದೂರಿನ ಪತ್ರ ಬರೆದೆವು. 118 ಗಂಟೆಗಳ ಲೆಕ್ಕವಿರುವ ನೋಟುಪುಸ್ತಕವನ್ನೂ ಅದರ ಜೊತೆಗಿಟ್ಟು ಮಾಸ್ಟ್ರಿಗೆ ಕೊಟ್ಟೆವು. ಅವರು ಪತ್ರವನ್ನು ಪಕ್ಕಕ್ಕಿಟ್ಟು ನೋಟುಪುಸ್ತಕವನ್ನು ಪುಟಪುಟವಾಗಿ ಓದಿದರು. ಬಹಳ ಹೊತ್ತಿನ ಮೇಲೆ ಒಂದು ಪುಟದ ಮೇಲೆ ಬೆರಳಿಟ್ಟು, “ಳಕಾರಕ್ಕೆ ಎರಡು ಶನಿವಾರ ಬೇಕಾಯಿತು. ಕರೆಂಟು ಹೋಗುವುದಕ್ಕೆ ಆರು ಗಂಟೆ. ಹಳೆಯ ಫಾಂಟನ್ನು ಪರಿವರ್ತಿಸುವ 140 ಸಾಲು ಮಾತ್ರ ಅರ್ಧ ಗಂಟೆಯಲ್ಲಿ ಮುಗಿಯಿತೇ?” ಎಂದು ಕೇಳಿದರು.

ನಾವು ಮಾತಾಡಲಿಲ್ಲ. ಆ 140 ಸಾಲುಗಳು ನಮ್ಮವಲ್ಲ. ಎರಡು ದಿನ ಒದ್ದಾಡಿ ಆಗದೆ, ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬ ಕನ್ನಡಿಗರು ಬರೆದಿಟ್ಟಿದ್ದ ಪ್ರೋಗ್ರಾಂನಿಂದ ಎತ್ತಿಕೊಂಡಿದ್ದೆವು. ಅದರ ಮೇಲ್ಭಾಗದಲ್ಲಿ ಅವರ ಹೆಸರೂ ಜಿ.ಪಿ.ಎಲ್. ಎಂಬ ಸೂಚನೆಯೂ ಇದ್ದುವು. ಆ ಸಾಲುಗಳನ್ನು ಅಳಿಸಿ ನಮ್ಮ ನಾಲ್ವರ ಹೆಸರು ಹಾಕಿದ್ದೆವು. ಬೇಕೆಂದು ಕದಿಯುವ ಬುದ್ಧಿಯಿಂದ ಮಾಡಿದೆವೆಂದಲ್ಲ. ಇಡೀ ಪ್ರೋಗ್ರಾಂ ನಮ್ಮದೇ ಆಗಿ ಕಾಣಲೆಂಬ ಆಸೆ. ಪ್ರದರ್ಶನದಲ್ಲಿ ಹೆಸರು ಬದಲಿಸಿದವರಿಗೂ ಇದ್ದುದು ಬಹುಶಃ ಅದೇ ಆಸೆ. ಅವರು ನಮ್ಮ ಹೆಸರನ್ನಷ್ಟೇ ಅಳಿಸಿದ್ದರು. ಅದರ ಅಡಿಯಲ್ಲಿದ್ದ ಹೆಸರನ್ನು ಮೊದಲೇ ಅಳಿಸಿದವರು ನಾವು. ಬೋಯಮ್ ಅವರ ಲೆಕ್ಕಕ್ಕಿಂತ ಕಡಿಮೆಯಾದ 80 ಗಂಟೆಗಳಲ್ಲಿ ಎಷ್ಟೋ ಗಂಟೆಗಳು ಆ ಮನುಷ್ಯರ ಮನೆಯಲ್ಲಿ ಕಳೆದವು.

ದೂರಿನ ಪತ್ರವನ್ನು ಮಾಸ್ಟ್ರು ಹರಿಯಲಿಲ್ಲ, ಕಳುಹಿಸಲೂ ಇಲ್ಲ. “ಏನು ಮಾಡಬೇಕೆಂದು ನೀವೇ ನೋಡಿ” ಎಂದು ನಮ್ಮ ಕೈಗೇ ಕೊಟ್ಟರು. ನಾವು ಆ 140 ಸಾಲುಗಳನ್ನು ಬದಿಗಿಟ್ಟು, ಅದೇ ಕೆಲಸವನ್ನು ನಾವೇ ಬರೆದು ನೋಡಲು ನಿಶ್ಚಯಿಸಿದೆವು. 41 ಗಂಟೆಗಳಾದ ಮೇಲೂ ‘ಸೂರ್ಯ’ ಎಂಬುದು ಸರಿಯಾಗಿ ಬರಲಿಲ್ಲ. ಅರ್ಕಾವತ್ತು ಎಲ್ಲೆಲ್ಲಿಯೋ ಹೋಗಿ ಕುಳಿತುಕೊಳ್ಳುತ್ತಿತ್ತು. ಅಲ್ಲಿಗೆ ಬಿಟ್ಟೆವು. ಆ ಲೇಖಕರಿಗೆ ನಡೆದುದನ್ನೆಲ್ಲ ತಿಳಿಸಿ ಪತ್ರ ಬರೆದೆವು. ಮೂರನೆಯ ದಿನ ಉತ್ತರ ಬಂತು. ಬೈಗುಳವೇನೂ ಇರಲಿಲ್ಲ. ಮೂರಕ್ಷರದ ಒತ್ತುಗಳಲ್ಲಿ ತಮ್ಮ ಪ್ರೋಗ್ರಾಂ ಇನ್ನೂ ತಪ್ಪುತ್ತದೆ, ನಿಮ್ಮ ಪಟ್ಟಿಯಲ್ಲಿ ಅಂಥ ಹೆಸರುಗಳಿದ್ದರೆ ಕಳುಹಿಸಿಕೊಡಿ ಎಂದು ಬರೆದಿದ್ದರು. ಹನ್ನೊಂದು ಹೆಸರುಗಳು ಸಿಕ್ಕಿದವು, ಕಳುಹಿಸಿದೆವು.

ಪ್ರದರ್ಶನದ ಶಾಲೆಯವರಿಗೂ ಒಂದು ಪತ್ರ ಹೋಯಿತು. ಪ್ರೋಗ್ರಾಂ ನಿಮ್ಮಲ್ಲಿಯೇ ಇರಲಿ, ಬಳಸಿರಿ, ಬೇಕಾದವರಿಗೆ ಕೊಡಿರಿ. ಮೇಲೆ ಈ ಐದು ಹೆಸರುಗಳನ್ನೂ ಅನುಮತಿಯ ಸೂಚನೆಯನ್ನೂ ಹಾಕಿಕೊಳ್ಳಿರಿ ಎಂದು ಬರೆದೆವು. ಐದರಲ್ಲಿ ಮೊದಲನೆಯದು ನಮ್ಮದಲ್ಲ. ಅಂಥ ಹೆಸರು ಅಳಿದದ್ದು ನಮ್ಮ ಕೈಯಿಂದಲೇ ಎಂದೂ ಅದರಲ್ಲಿ ತಿಳಿಸಬೇಕೋ ಬೇಡವೋ ಎಂದು ನಮ್ಮೊಳಗೆ ಒಂದು ಸಂಜೆ ಪೂರ್ತಿ ಜಗಳವಾಯಿತು. ಕೊನೆಗೆ ತಿಳಿಸಿದೆವು.

ಈಗ ಮಧ್ಯಾಹ್ನದೂಟದ ಅಕ್ಕಿ ಬೇಳೆಯ ಲೆಕ್ಕಕ್ಕೂ ಒಂದು ಪ್ರೋಗ್ರಾಂ ಬೇಕೆಂದು ಕೇಳಿಕೆ ಬಂದಿದೆ. ಎಂಟು ಒಂಬತ್ತನೆಯ ತರಗತಿಯವರು ಮಾಡಲಿದ್ದಾರೆ. ಎಷ್ಟು ದಿನ ಬೇಕೆಂದು ಕೇಳಿದಾಗ ಅವರಲ್ಲೊಬ್ಬಳು ನಮ್ಮ ನೋಟುಪುಸ್ತಕವನ್ನು ಎರವಲು ಕೇಳಿದಳು. ನೋಡಿದ ಮೇಲೆ, 90ರಿಂದ 180 ಗಂಟೆ ಎಂದು ಹೇಳಿದಳು. ಪುಸ್ತಕವನ್ನು ಕೊಟ್ಟಿದ್ದೇವೆ. ಅದರಲ್ಲಿ ಆ ಅರ್ಧ ಗಂಟೆಯ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಆ 41 ಗಂಟೆಗಳನ್ನೂ ಬರೆದಿದ್ದೇವೆ.